ಪಿಕಪ್ ಬೆನ್ನಿಗೊಂದು ಹಗುರ ಮನೆ

ಮಾರ್ವಾ ಸ್ಕೋಗನ್ ಒಂದು ಹಟ ಹಿಡಿದಳೆಂದರೆ ಮುಗಿಯಿತು. ನಮ್ಮ ಕಾಟನ್‌ವುಡ್ ಬೆಂಡ್ ಊರಿನಲ್ಲಿ ಅವಳೆದುರು ನಿಂತು ಗೆದ್ದವರನ್ನು ನಾನಂತೂ ಕಾಣೆ. ಇಪ್ಪತ್ತು ವರ್ಷಕ್ಕೂ ಮೇಲೆ ಊರಿನ ಶಾಲೆಯ ಅಡುಗೆಮನೆ ಆಳಿದವಳು. ಅವಳು ಮಾಡುವ ಮಾಂಸ, ಕಾಳಿನ ಖಾರದ ಚಿಲಿ ಸಾರು, ಅದರ ಜೊತೆಗಿನ ದಾಲ್ಚಿನ್ನಿ ರೋಲು ಎಂದರೆ ಶಾಲೆ ಬಿಟ್ಟು ಎಷ್ಟೋ ಕಾಲವಾದ ಗಡ್ಡದ ಗಂಡಸರು ಕೂಡ ಏನಾದರೊಂದು ನೆಪ ಮಾಡಿಕೊಂಡು ಶುಕ್ರವಾರ ಹಿಂಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವಳು ಬೈದುಕೊಂಡೇ ಬಡಿಸುತ್ತಾಳೆ. ಎರಡನೇ ಸಲ ಕೇಳಿದವನಿಗೆ ಇನ್ನಷ್ಟು ಬೈಗುಳ, ಇನ್ನೊಂದು ರೋಲು.

ಅಂಥವಳು ಆ ಬೇಸಿಗೆಯಲ್ಲಿ ಹಿಡಿದ ಹಟ ಇಷ್ಟೇ: ತಮ್ಮ ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸಲು ಒಂದು ಹಗುರವಾದ ಕ್ಯಾಂಪರ್ ಬೇಕು. ಮಂಚ, ಒಲೆ, ಬಾಗಿಲು ಎಲ್ಲ ಇರುವ ಪುಟ್ಟ ಮನೆ. ಶುಕ್ರವಾರ ಸಂಜೆ ಹೊರಟು ಭಾನುವಾರ ಮನೆ ಸೇರುವುದಕ್ಕೆ. ಅದೂ ಕೆಟಲ್ ಸರೋವರದ ದಾರಿಯನ್ನು ಹಿಮ ಮುಚ್ಚುವ ಮೊದಲೇ ಬೇಕು.

ಯಾಕಿಷ್ಟು ಅವಸರ ಎಂದರೆ, ಕಾರಣ ಅವಳ ಗಂಡ ಡೆಲ್. ಮೊಂಟಾನಾದ ಹಿಮಗಾಳಿಯಲ್ಲಿ ಕರೆಂಟು ಕಂಬ ಹತ್ತಿ ತಂತಿ ಜೋಡಿಸುತ್ತ ಜೀವ ಸವೆಸಿದ ಆಳು. ಮದುವೆಯಾದ ವರ್ಷದಿಂದಲೂ ಗಂಡ ಹೆಂಡತಿ ಟೆಂಟನ್ನು ಟ್ರಕ್ಕಿಗೆ ಎಸೆದುಕೊಂಡು ಕೆಟಲ್‌ಗೆ ಹೋಗುತ್ತಿದ್ದರು. ಕಳೆದ ವರ್ಷ ಡೆಲ್‌ಗೆ ಸೊಂಟದ ಕೀಲು ಬದಲಾಯಿಸಿದರು. ಮಂಡಿಗಳೂ ಮೊದಲಿನ ಹಾಗಿಲ್ಲ, ನಾಲ್ಕು ಹೆಜ್ಜೆ ನಡೆಯಲು ಊರುಗೋಲು ಬೇಕು. ಆದರೂ ಆ ಶರತ್ಕಾಲದಲ್ಲಿ ಹೋದರು. ಬೆಳಗ್ಗೆ ಟೆಂಟಿನ ನೆಲದಿಂದ ಏಳಲು ಅವನಿಗೆ ಆಗಲೇ ಇಲ್ಲ. ಮಾರ್ವಾ ಎಳೆದಳು, ನೂಕಿದಳು, ದೇವರನ್ನೂ ಬೈದಳು. ಕೊನೆಗೆ ಆಚೆ ಟೆಂಟಿನ ಇಬ್ಬರು ಹುಡುಗರನ್ನು ಕರೆತರಬೇಕಾಯಿತು. ಹುಡುಗರು ಒಳ್ಳೆಯವರೇ. ಕಂಕುಳಿಗೆ ಕೈಹಾಕಿ ಎತ್ತುವಾಗ ಒಬ್ಬ "ನಿಧಾನ, ಸರ್" ಅಂದ. ಆ ಒಂದು ಮಾತು ಡೆಲ್‌ನ ಎದೆಗೆ ನಾಟಿತು.

ಮನೆಗೆ ಬಂದವನೇ ಟೆಂಟನ್ನು ಕೊಟ್ಟಿಗೆಯ ಮೂಲೆಗೆ ಹಾಕಿ, "ಸಾಕು ಮಾರ್ವಾ. ಇನ್ನು ಕೆಟಲ್ ಇಲ್ಲ, ಗಿಟಲ್ ಇಲ್ಲ. ಟ್ರಕ್ಕನ್ನೂ ಮಾರ್ಬಿಡೋಣ," ಅಂದ.

ನಮ್ಮ ಕಡೆ ಗಂಡಸು ಟ್ರಕ್ಕು ಮಾರುತ್ತೇನೆ ಅಂದರೆ ಹೆಂಗಸರಿಗೆ ದಿಗಿಲು ಹುಟ್ಟುತ್ತದೆ. ಆಮೇಲಿನ ಶನಿವಾರಗಳೆಲ್ಲ ಟಿವಿ ಮುಂದೆಯೇ ಕಳೆದವು. ಯಾರೋ ಎಲ್ಲೋ ಮೀನು ಹಿಡಿಯುವುದನ್ನು ಅವನು ಚಿಪ್ಸ್ ತಿನ್ನುತ್ತ ನೋಡುತ್ತಿದ್ದ. ಮಂಚದಿಂದ ಏಳಬೇಕಾದಾಗಲೆಲ್ಲ ಅವಳನ್ನು ಕೂಗುತ್ತಿದ್ದ, ಅವಳು ಎದ್ದು ಬಂದು ಕೈಕೊಡುತ್ತಿದ್ದಳು. ಡಾಕ್ಟರು ಮಂಚದ ಪಕ್ಕ ಹಿಡಿದೇಳಲು ಒಂದು ಕಂಬಿ ಹಾಕಿಸಿ ಅಂದಿದ್ದಕ್ಕೆ ಡೆಲ್, "ಆಸ್ಪತ್ರೆ ಕಂಬಿ ನನ್ನ ಮನೇಲಿ ನೆಟ್ರೆ ನಾನು ಕೊಟ್ಟಿಗೇಲಿ ಮಲಗ್ತೀನಿ," ಎಂದು ಎಗರಿಬಿದ್ದಿದ್ದ. ಅವನನ್ನು ಹೀಗೆಯೇ ಬಿಟ್ಟರೆ ಇದ್ದೂ ಇಲ್ಲದವನಾಗಿಬಿಡುತ್ತಾನೆ ಎಂದು ಮಾರ್ವಾಳಿಗೆ ಖಾತ್ರಿಯಾಗಿತ್ತು. ನೆಲದಲ್ಲಿ ಮಲಗಲು ಆಗದಿದ್ದರೆ ಏನು, ಮಂಚವನ್ನೇ ಕೆಟಲ್‌ಗೆ ಒಯ್ದರಾಯಿತು ಎಂದು ಅವಳು ಹಟ ತೊಟ್ಟಿದ್ದು ಹೀಗೆ.

ಆಗಸ್ಟಿನಲ್ಲಿ ಅವನನ್ನು ಹೆಚ್ಚುಕಡಿಮೆ ಕಿವಿ ಹಿಡಿದು ಎಳೆದ ಹಾಗೆ ಪಕ್ಕದ ದೊಡ್ಡ ಊರಿನ ಕ್ಯಾಂಪರ್ ಅಂಗಡಿಗೆ ಕರೆದೊಯ್ದಳು. ಅಂಗಡಿಯ ಬ್ರಾಡಿ ಹಲ್ಲು ಬಿಟ್ಟುಕೊಂಡು ಎದುರಾದ. ಅವನು ತೋರಿಸಿದ ಮೊದಲ ಕ್ಯಾಂಪರ್ ಒಳಗೆ ಕಾಲಿಟ್ಟಿದ್ದೇ ತಡ, ಅಬ್ಬಬ್ಬಾ! ಸ್ನಾನದ ಮನೆ, ಮಾರ್ವಾಳಿಗಿಂತ ಎತ್ತರದ ಫ್ರಿಜ್ಜು, ಗುಂಡಿ ಒತ್ತಿದರೆ ಉದ್ದವಾಗುವ ಸೋಫಾ. ಡೆಲ್ ಒಂದೊಂದೇ ಬೀರು ತೆಗೆದು ನೋಡಿದ, ನಲ್ಲಿ ತಿರುಗಿಸಿದ, ಸೋಫಾದ ಮೇಲೆ ಕೂತು ಕುಪ್ಪಳಿಸಿದ. "ಮಾರ್ವಾ, ಇಲ್ಲಿ ನೋಡೇ! ಮೀನು ಹುರಿಯೋಕೇ ಅಂತ ಬೇರೆ ಒಲೆ!" ಒಂದು ವರ್ಷದಿಂದ ಸತ್ತಂತಿದ್ದ ದನಿ ಅದು. ಅದನ್ನು ಕೇಳಿ ಮಾರ್ವಾಳಿಗೆ ಆ ಬ್ರಾಡಿಯನ್ನೇ ತಬ್ಬಿಕೊಳ್ಳಬೇಕು ಅನ್ನಿಸಿತು.

ಆದರೆ ಅವಳು ಶಾಲೆಯ ಅಡುಗೆಮನೆಯವಳು. ಚೀಲದ ಮೇಲೆ ಬರೆದ ತೂಕವನ್ನು ನಂಬಿ ಬದುಕಿದವಳಲ್ಲ.

"ಇದು ಎಷ್ಟು ಭಾರ ಇದೆ?" ಎಂದಳು.

"ಹಗುರ, ಮೇಡಂ. ಹೂವಿನ ಹಾಗೆ," ಅಂದ ಬ್ರಾಡಿ. "ಸಾವಿರದ ಐನೂರು ಪೌಂಡ್, ಅಷ್ಟೇ."

"ನೀರು ತುಂಬಿದ ಮೇಲೂ ಅಷ್ಟೇನಾ?"

"ನೀರು... ಅದು ನೀವು ತುಂಬಿದಷ್ಟು."

"ಗ್ಯಾಸು?"

"ಅದೂ ನೀವು ತುಂಬಿದಷ್ಟೇ, ಮೇಡಂ."

"ಅಂದ್ರೆ ನೀನು ಹೇಳಿದ್ದು ಖಾಲಿ ಪಾತ್ರೆ ತೂಕ."

ಡೆಲ್‌ಗೆ ರೇಗಿತು. "ಏನ್ ಮಾರಾಯ್ತಿ ನೀನು! ನನ್ನ ಟ್ರಕ್ಕು ಏನ್ ಹಾಕಿದ್ರೂ ಹೊರುತ್ತೆ," ಅಂದ. ನಮ್ಮ ಗಂಡಸರಿದ್ದಾರಲ್ಲ, ಅವರ ಮೂಗು ಸೊಟ್ಟ ಅನ್ನಿ, ನಗುತ್ತಾರೆ. ಅವರ ಟ್ರಕ್ಕಿಗೆ ಹೊರಲಾಗದು ಅಂದರೆ ಮಾತು ಬಿಡುತ್ತಾರೆ. ಚಾಲಕನ ಬಾಗಿಲ ಸಂದಿಯಲ್ಲಿ ಹೇರಿದ್ದೆಲ್ಲ ಸೇರಿ ಆ ಟ್ರಕ್ಕು ಹೆಚ್ಚೆಂದರೆ ಎಷ್ಟು ತೂಗಬಹುದೆಂದು ಅಂಟಿಸಿರುತ್ತಾರಲ್ಲ, ಅದನ್ನು ಓದುವುದೆಂದರೆ ಅವರಿಗೆ ಅವಮಾನ. ಡೆಲ್ ಕೂಡ ಅಲ್ಲಿಯವರೆಗೆ ಓದಿರಲಿಲ್ಲ. ಮಾರ್ವಾ ಕನ್ನಡಕ ಹಾಕಿಕೊಂಡು ಬಗ್ಗಿ ಓದಿದಳು.

"ತೂಗಿ ನೋಡೋಣ," ಎಂದಳು. "ಹೊರುತ್ತೆ ಅಂತಾದ್ರೆ ನಾಳೇನೇ ಬಂದು ತಗೊಂಡು ಹೋಗೋಣ."

ನಮ್ಮೂರಿನಲ್ಲಿ ಟ್ರಕ್ಕು ತೂಗುವ ಕಾಟಾ ಇರುವುದು ಗೋಧಿ ಕಣಜದಲ್ಲಿ. ಕುಯ್ಲಿನ ಕಾಲ, ಗೋಧಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕಾಟಾದ ಎದುರಿನ ಗೋಡೆಯ ಮೇಲೆ ಕೆಂಪು ದೀಪದ ದೊಡ್ಡ ದೊಡ್ಡ ಅಂಕಿಗಳು ಹೊತ್ತಿಕೊಳ್ಳುತ್ತವೆ. ಸಾಲಿನಲ್ಲಿರುವ ಪ್ರತಿಯೊಬ್ಬನೂ ಓದಬಹುದು. ಸರದಿ ಬಂದು ಟ್ರಕ್ಕು ಕಾಟಾದ ಮೇಲೆ ನಿಂತಾಗ ಮಾರ್ವಾಳ ಕಣ್ಣು ಆ ಗೋಡೆಯ ಮೇಲೆ ಬಿತ್ತು. ಆಮೇಲೆ ತನ್ನ ಹೊಟ್ಟೆಯ ಮೇಲೆ ಬಿತ್ತು.

"ನಾನು ಸ್ವಲ್ಪ ಕಾಲಾಡಿಸಿಕೊಂಡು ಬರ್ತೀನಿ," ಎಂದು ಇಳಿದಳು.

"ನಾನು ಟೈರ್ ನೋಡ್ಬೇಕು," ಎಂದು ಡೆಲ್ ಆಚೆ ಕಡೆಯಿಂದ ಇಳಿದ. ಒಂದು ವರ್ಷದ ಚಿಪ್ಸು ಅವನ ಬೆಲ್ಟಿನ ಮೇಲೂ ಕೂತಿತ್ತು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತು, ಆದರೂ ಇಬ್ಬರೂ ಏನೂ ಗೊತ್ತಿಲ್ಲದವರ ಹಾಗೆ ಆಕಾಶ ನೋಡಿಕೊಂಡು ನಿಂತರು. ಟ್ರಕ್ಕಿನೊಳಗೆ ಉಳಿದದ್ದು ಅವರ ಗಿಡ್ಡ ನಾಯಿ ಮೂಸ್ ಒಂದೇ. ಅದು ಚಾಲಕನ ಸೀಟು ಏರಿ ಗಂಭೀರವಾಗಿ ಮುಂದೆ ನೋಡುತ್ತ ಕೂತಿತು.

ಅಂಕಿ ಹೊತ್ತಿಕೊಂಡಿತು. ಬಾಗಿಲ ಸಂದಿಯ ಅಂಕಿಯಿಂದ ಅದನ್ನು ಕಳೆದು, ಡೆಲ್ ಬೆರಳು ಮಡಿಚಿ ಲೆಕ್ಕ ಹಾಕಿದವನೇ ಹೋ ಎಂದು ಕೂಗಿದ. "ಹಿಡಿಸುತ್ತೆ! ಬ್ರಾಡಿ ಕ್ಯಾಂಪರ್ ಹಾಕಿದ್ರೂ ಇನ್ನೂ ಮಿಗುತ್ತೆ! ನಾನು ಹೇಳ್ಲಿಲ್ವಾ, ನನ್ನ ಟ್ರಕ್ಕು!" ಮಾರ್ವಾಳೂ ಚಪ್ಪಾಳೆ ತಟ್ಟಿ ಕುಣಿದಳು. ಅಷ್ಟರಲ್ಲಿ ಕಾಟಾ ನೋಡಿಕೊಳ್ಳುವ ರೂಡಿ, ಗಾಜಿನ ಕೋಣೆಯೊಳಗಿಂದ ಮೈಕು ಹಿಡಿದ.

"ಡೆಲ್! ಕೆಟಲ್‌ಗೆ ಟ್ರಕ್ಕನ್ನ ಮೂಸ್ ಓಡಿಸ್ಕೊಂಡು ಹೋಗುತ್ತೇನಪ್ಪಾ?"

ಗೋಧಿ ಲಾರಿಗಳ ಸಾಲಿಗೆ ಸಾಲೇ ನಕ್ಕಿತು.

"ಹತ್ತಿ, ಹತ್ತಿ, ಇಬ್ರೂ ಹತ್ತಿ," ಅಂದ ರೂಡಿ. "ಇಲ್ಲಿ ಯಾರೂ ನೋಡಲ್ಲ."

"ಶಾಲೆ ತೆರೀಲಿ ಕಣೋ ರೂಡಿ," ಎಂದು ಮಾರ್ವಾ ಅಲ್ಲಿಂದಲೇ ಕೂಗಿದಳು. "ಹಿಂಬಾಗಿಲಿಗೆ ಬರ್ತೀಯಲ್ಲ, ಆಗ ಮಾಡ್ತೀನಿ ನಿನಗೆ!" ಮುಖ ಕೆಂಪಾಗಿತ್ತು. ಆದರೂ ಹತ್ತಿದಳು. ಅಂಕಿ ಜಿಗಿಯಿತು. ಡೆಲ್ ಹತ್ತಿದ. ಅಂಕಿ ಮತ್ತೆ ಜಿಗಿಯಿತು. ಸಾಲಿನಲ್ಲಿದ್ದ ಯಾವನೋ ಪೋಕರಿ ಸಿಳ್ಳೆ ಹಾಕಿದ. ಅದರ ಮೇಲೆ ನೀರು, ಗ್ಯಾಸು, ಪಾತ್ರೆ, ಹೊದಿಕೆ, ಡೆಲ್‌ನ ಮೀನಿನ ಸಾಮಾನು ಎಲ್ಲ ಸೇರಿಸಿದರೆ ಉಳಿಯುವುದು ಬ್ರಾಡಿಯ ಕ್ಯಾಂಪರಿನ ಅರ್ಧ ಭಾರಕ್ಕೂ ಸಾಲದು. ಅದನ್ನು ಹೊರಿಸಿದ್ದರೆ ಕೆಟಲ್‌ನ ಕಲ್ಲುದಾರಿಯ ಮೊದಲ ತಿರುವಿನಲ್ಲೇ ಟ್ರಕ್ಕು ಮುಂಗಾಲೆತ್ತಿ ಕೂರುತ್ತಿತ್ತು.

ಡೆಲ್ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತ. ಬೆಳಗ್ಗೆ ಬಂದಿದ್ದ ಬಣ್ಣ ಅವನ ಮುಖದಿಂದ ಇಳಿದುಹೋಗಿತ್ತು. "ಹೋಗ್ಲಿ ಬಿಡು, ಮಾರ್ವಾ," ಅಂದ. "ಇದಕ್ಕಿಂತ ಚಿಕ್ಕದ್ರಲ್ಲಿ ನಾನು ಹಿಡಿಸಲ್ಲ. ಟ್ರಕ್ಕನ್ನ ಬ್ರಾಡಿಗೇ ಕೊಟ್ಬಿಡೋಣ. ತಗೋತಾನೆ."

ಅವನು ಕೋಪದಲ್ಲಿ ಹೇಳಿದ್ದರೆ ಮಾರ್ವಾಳೂ ಜಗಳ ಆಡುತ್ತಿದ್ದಳು. ಅವನು ತಣ್ಣಗೆ ಹೇಳಿಬಿಟ್ಟಿದ್ದ.

ಅಷ್ಟರಲ್ಲಿ ರೂಡಿ ಕೋಣೆಯಿಂದ ಇಳಿದು ಬಂದು ಕಿಟಕಿಗೆ ಮೊಣಕೈ ಊರಿದ. ನಕ್ಕವನಿಗೆ ಈಗ ಪಾಪ ಅನ್ನಿಸಿರಬೇಕು. "ಇಮೋಜೀನ್ ಪ್ರಾಟ್ ತನ್ನ ಹಳೇ ಕ್ಯಾಂಪರ್ ಮಾರ್ತಾಳಂತೆ. ಗರಿ ಹಾಗಿದೆ, ಅದಕ್ಕಿಂತ ಹಗುರದ್ದು ನಾನು ಈ ಕಾಟಾದ ಮೇಲೆ ಕಂಡಿಲ್ಲ. ಆದ್ರೆ ಆ ಮುದುಕಿ ಕೊಡ್ಬೇಕಲ್ಲ! ಆಗ್ಲೇ ಮೂರು ಜನರನ್ನ ಓಡಿಸಿದಾಳೆ."

ಇಮೋಜೀನ್ ಎಂದರೆ ನಮ್ಮ ಸೀಮೆಯ ಹಳ್ಳಿಹಳ್ಳಿಗೆ ಟಪಾಲು ಹಂಚಿ ನಿವೃತ್ತಳಾದ ಹೆಂಗಸು. ಎಪ್ಪತ್ತು ದಾಟಿದೆ, ನಾಲಿಗೆಗೆ ಇನ್ನೂ ಇಪ್ಪತ್ತು. ಇನ್ನು ಮೇಲೆ ಚಳಿಗಾಲಕ್ಕೆ ಅರಿಜೋನಾದ ಮಗಳ ಮನೆಗೆ ಹೋಗುವವಳಿದ್ದಳು. ಮುಂದಿನ ಶನಿವಾರ ಮಧ್ಯಾಹ್ನ ಸ್ಕೋಗನ್ ದಂಪತಿ ಅವಳ ಅಂಗಳಕ್ಕೆ ಹೋದಾಗ ಡೆಲ್ ಟ್ರಕ್ಕಿನಿಂದ ಇಳಿಯಲೂ ಮನಸ್ಸು ಮಾಡಲಿಲ್ಲ. ಮಾರ್ವಾ ಕೆಣಕಿ ಇಳಿಸಿದಳು.

ಕ್ಯಾಂಪರ್ ನೋಡಲು ಏನೂ ಅಲ್ಲ. ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ, ಮುಚ್ಚಳ ಹಾಕಿದ ಪೆಟ್ಟಿಗೆ. ಇಮೋಜೀನ್ ಹಿಡಿ ತಿರುಗಿಸಿದಂತೆ ಚಾವಣಿ ಮೇಲಕ್ಕೆದ್ದು, ಸುತ್ತ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಂಡಿತು. ಒಳಗೆ ಎರಡು ಒಲೆ, ಒಂದು ಮೇಜು, ಎದುರುಬದುರು ಎರಡು ಬೆಂಚು. ಟ್ರಕ್ಕಿಗೆ ಏರಿಸಿದಾಗ ಅದರ ತಲೆಯ ಮೇಲೆ ಚಾಚುವ ಅಟ್ಟದಲ್ಲಿ ಹಾಸಿಗೆ.

"ನೋಡಿ ಇಷ್ಟ ಆಯ್ತು ಅಂತ ಹೇಳ್ಬೇಡಿ," ಅಂದಳು ಇಮೋಜೀನ್. "ನಾನು ಹಾಗೆಲ್ಲ ಕೊಡಲ್ಲ. ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ. ಒಂದು ಗಂಟೆ ಸಂಸಾರ ಮಾಡಿ. ಅಡುಗೆ ಮಾಡಿ, ಉಣ್ಣಿ, ಮಲಗಿ, ಎದ್ದೇಳಿ. ಆಮೇಲೂ ಒಬ್ಬರನ್ನೊಬ್ಬರು ಮಾತಾಡಿಸ್ತಾ ಇದ್ರೆ ವ್ಯಾಪಾರ."

"ಹಾಡುಹಗಲಲ್ಲಿ ಮಲಗೋದಾ?" ಎಂದ ಡೆಲ್.

"ನಿನ್ನ ವಯಸ್ಸಿಗೆ ಹಗಲಾದ್ರೇನು ಇರುಳಾದ್ರೇನು? ಹೋಗು ಒಳಗೆ."

ಹೋದರು. ಮಾರ್ವಾ ಮೊಟ್ಟೆ ಒಡೆದು ಹುರಿದಳು, ಕಾಫಿ ಕಾಸಿದಳು. ಒಬ್ಬರು ತಿರುಗಿದರೆ ಇನ್ನೊಬ್ಬರು ಕೂರಬೇಕು, ಅಷ್ಟು ಜಾಗ. ಮೂರು ಸಲ ಸೊಂಟ ತಾಗಿ ನಕ್ಕರು, ನಾಲ್ಕನೇ ಸಲ ತಾವಾಗಿಯೇ ಕುಣಿತದ ಹಾಗೆ ಜಾಗ ಬದಲಿಸಿಕೊಂಡರು. ಡೆಲ್ ಮೊಟ್ಟೆ ತಿಂದು, "ಪರವಾಗಿಲ್ಲ ಕಣೆ," ಅಂದ. ಇನ್ನು ಉಳಿದದ್ದು ಹಾಸಿಗೆ.

ಡೆಲ್ ಬೆಂಚಿನ ಮೇಲೆ ಕಾಲಿಟ್ಟು ಅಟ್ಟ ಹತ್ತಿದ. ಹತ್ತುವುದೇನೋ ಹತ್ತಿದ. ಇಳಿಯುವಾಗ ಕಾಲು ಕೆಳಗೆ ಎಟುಕಲಿಲ್ಲ, ಸೊಂಟ ತಿರುಗಲಿಲ್ಲ. ಹೊಟ್ಟೆಯ ಮೇಲೆ ಅರ್ಧ ಜೋತುಬಿದ್ದು ನಿಂತುಬಿಟ್ಟ. ಮಾರ್ವಾ ಹೆಗಲು ಕೊಟ್ಟು, ಕಾಲು ಹಿಡಿದು, ಹೇಗೋ ಇಳಿಸಿದಳು. ಅವನು ಬೆಂಚಿನ ಮೇಲೆ ಕುಸಿದು ಗೋಡೆ ನೋಡತೊಡಗಿದ. ಆ ಮುಖವನ್ನು ಅವಳು ಕಳೆದ ವರ್ಷ ಟೆಂಟಿನಲ್ಲಿ ನೋಡಿದ್ದಳು. ಅಯ್ಯೋ ದೇವರೇ, ಇದೂ ಹೋಯಿತಲ್ಲ ಎಂದು ಅವಳ ಕಣ್ಣು ತುಂಬಿ ಬಂತು.

"ಸದ್ದೇ ಇಲ್ವಲ್ಲ! ಗಂಟೆ ಇನ್ನೂ ಆಗಿಲ್ಲ!" ಎಂದು ಇಮೋಜೀನ್ ಹೊರಗಿನಿಂದ ಕ್ಯಾನ್ವಾಸು ತಟ್ಟಿದಳು.

"ಆಗ್ಲಿಕ್ಕಿಲ್ಲ ಅಂತ ಗೊತ್ತಾಯ್ತು, ಇಮೋಜೀನ್," ಅಂದ ಡೆಲ್.

"ನೀನು ಸುಮ್ಮನಿರು," ಅಂದಳು ಮಾರ್ವಾ. ಅವಳು ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದಳು. ದಿನಾ ಊಟದ ಹೊತ್ತಿಗೆ ಶಾಲೆಯ ಮೇಜುಗಳನ್ನು ಬಿಚ್ಚಿ, ಊಟವಾದ ಮೇಲೆ ಮಡಿಚಿ ನಿಲ್ಲಿಸಿ ಅವಳ ಕೈ ಪಳಗಿತ್ತು. ಈ ಮೇಜಿನ ಕಾಲಿಗೂ ಹಾಗೇ ಒಂದು ಚಿಲಕವಿತ್ತು. ಎಳೆದಳು. ಮೇಜು ಇಳಿದು ಎರಡು ಬೆಂಚುಗಳ ನಡುವೆ ಸರಿಯಾಗಿ ಕೂತಿತು. ಬೆಂಚಿನ ಒರಗುದಿಂಬುಗಳನ್ನು ಅದರ ಮೇಲೆ ಹಾಸಿದಳು. ಕುರ್ಚಿಯಷ್ಟೇ ಎತ್ತರದ ಹಾಸಿಗೆ ಸಿದ್ಧವಾಯಿತು.

"ಅದು ಮಕ್ಕಳ ಹಾಸಿಗೆ ಕಣಮ್ಮ," ಎಂದಳು ಕಿಟಕಿಯಲ್ಲಿ ಇಣುಕುತ್ತಿದ್ದ ಇಮೋಜೀನ್.

"ಇವನೇ ನನ್ನ ಮಗು, ಬಿಡಿ. ಡೆಲ್, ಮಲಗು."

ಮಲಗಿದ. ಒಬ್ಬನಿಗೆ ಸರಿ, ಇಬ್ಬರಿಗಾಗದು. "ನೀನು ಕೆಳಗೆ, ನಾನು ಮೇಲೆ," ಎಂದಳು ಮಾರ್ವಾ. "ಸರಿ, ಈಗ ಏಳು." ಅಭ್ಯಾಸಬಲದಿಂದ ಅವಳ ಕೈ ಆಗಲೇ ಮುಂದೆ ಚಾಚಿತ್ತು.

ಡೆಲ್ ಆ ಕೈಯನ್ನು ನೋಡಲೇ ಇಲ್ಲ. ಹಾಸಿಗೆಯ ತುದಿಯಲ್ಲಿ, ನೆಲದಿಂದ ಚಾವಣಿಯವರೆಗೆ ಒಂದು ಕಬ್ಬಿಣದ ಕೊಳವೆ ನಿಂತಿತ್ತು. ಅಕಾಲದಲ್ಲಿ ಹಿಮ ಬಿದ್ದರೆ ಚಾವಣಿ ಕುಸಿಯದಿರಲಿ ಎಂದು ಚಾವಣಿ ಎತ್ತಿದ ಮೇಲೆ ಇಮೋಜೀನ್ ತಾನೇ ತಂದು ನಿಲ್ಲಿಸುತ್ತಿದ್ದ ಆನಿಕೆ. ಡೆಲ್ ಅದನ್ನು ಎರಡೂ ಕೈಯಲ್ಲಿ ಹಿಡಿದ. ಜೀವಮಾನವೆಲ್ಲ ಕಂಬ ಹಿಡಿದ ಕೈ ಅಲ್ಲವೇ! ಒಂದು ಸಲ ಉಸಿರೆಳೆದ. ಎದ್ದು ನಿಂತ.

ಡೆಲ್ ಮತ್ತೆ ಕೂತ. ಮತ್ತೆ ಎದ್ದ. ಪೂರ್ತಿ ಮಲಗಿ, ಮತ್ತೊಮ್ಮೆ ಎದ್ದ. "ಏಯ್ ಮಾರ್ವಾ!" ಎಂದ. "ಏಯ್, ನೋಡಿದ್ಯಾ?"

"ಕಂಬಿ ಬೇಡ ಅಂತಿದ್ಯಲ್ಲೋ!"

"ಇದು ಹಿಮಕ್ಕೆ ಕೊಟ್ಟ ಆನಿಕೆ ಕಣೆ, ಆಸ್ಪತ್ರೆ ಕಂಬಿ ಅಲ್ಲ!"

ಮಾರ್ವಾ ನಕ್ಕಳೋ ಅತ್ತಳೋ ಅವಳಿಗೇ ಗೊತ್ತಿಲ್ಲ. ಇಮೋಜೀನ್ ಬಾಗಿಲು ತೆರೆದು, "ಸಾಕು ಮಾಡಿ. ಒಂದು ಗಂಟೆ ಅಂದ್ರೆ ಇಡೀ ದಿನ ಕೂತ್ರಲ್ಲ. ತಗೊಂಡು ಹೋಗಿ," ಅಂದಳು. ಕ್ಯಾಂಪರ್ ಏರಿಸಿಕೊಂಡು ಗೋಧಿ ಕಣಜದ ಮುಂದೆ ಹಾದಾಗ ಡೆಲ್ ಬೇಕೆಂದೇ ಕಾಟಾದ ಮೇಲೆ ಟ್ರಕ್ಕು ನಿಲ್ಲಿಸಿದ. ಈ ಸಲ ಇಬ್ಬರೂ ಒಳಗೇ ಕೂತಿದ್ದರು, ನಾಯಿಯೂ ಇತ್ತು. ಗೋಡೆಯ ಮೇಲಿನ ಅಂಕಿ ನೋಡಿ ರೂಡಿ ಮೈಕಿನಲ್ಲಿ, "ಇನ್ನೊಂದು ತಟ್ಟೆ ದಾಲ್ಚಿನ್ನಿ ರೋಲಿಗೂ ಜಾಗ ಇದೆ," ಎಂದು ಕೂಗಿದ.

ಸೆಪ್ಟೆಂಬರ್ ಕೊನೆಯ ಶುಕ್ರವಾರ. ಬೆಟ್ಟದ ಲಾರ್ಚ್ ಮರಗಳೆಲ್ಲ ಅರಿಸಿನ ಬಳಿದ ಹಾಗೆ ಹಳದಿಯಾಗಿದ್ದವು. ಕೆಟಲ್‌ನ ಕಲ್ಲುದಾರಿಯಲ್ಲಿ ಟ್ರಕ್ಕು ಬೆನ್ನ ಮೇಲೆ ಏನೂ ಇಲ್ಲವೇನೋ ಎಂಬಂತೆ ಹತ್ತಿತು. ತಿರುವು ತಿರುವಿಗೂ ಡೆಲ್, "ನೋಡು, ಹೆಂಗೆ ಹತ್ತುತ್ತೆ ನೋಡು!" ಎನ್ನುತ್ತಿದ್ದ. ಮಾರ್ವಾ ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡು, "ದಾರಿ ನೋಡೋ, ನನ್ನ ಮುಖ ಯಾಕೆ ನೋಡ್ತೀಯ!" ಎಂದು ಗದರುತ್ತ, ಒಳಗೊಳಗೇ ಹುಡುಗಿಯ ಹಾಗೆ ಹಿಗ್ಗುತ್ತಿದ್ದಳು. ಸಂಜೆ ಕಡವೆ ಮಾಂಸದ ಸಾಸೇಜು ಹುರಿದು ತಿಂದು ಬೇಗ ಮಲಗಿದರು.

"ಕೆಳಗಿನವನೇ, ಇದ್ದೀಯಾ?" ಎಂದಳು ಅಟ್ಟದಿಂದ.

"ಇದ್ದೀನಿ. ನೀನು ಮಲಗು, ಮೇಲಿನವಳೇ."

ಅವನು ಕರೆದರೆ ಕೇಳಬೇಕಲ್ಲ ಎಂದು ಕಿವಿ ತೆರೆದುಕೊಂಡೇ ಮಲಗಿದಳು. ಕಣ್ಣು ಬಿಟ್ಟಾಗ ಕ್ಯಾನ್ವಾಸಿನ ಮೇಲೆ ಬಿಸಿಲು ಬಿದ್ದಿತ್ತು. ಕೆಳಗೆ ಬಗ್ಗಿ ನೋಡಿದಳು. ಹಾಸಿಗೆ ಖಾಲಿ. ಊರುಗೋಲು ಅಲ್ಲೇ ಇತ್ತು. ಬಿದ್ದನೋ, ಎಲ್ಲಿ ಬಿದ್ದನೋ, ಕೂಗಿದ್ದು ನನಗೆ ಕೇಳಲಿಲ್ಲವೋ! ಬರಿಗಾಲಲ್ಲೇ ಹೊರಗೆ ಓಡಿದಳು. ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿತ್ತು, ಕಾಲು ಸುಡುವಷ್ಟು ತಣ್ಣಗೆ. ಬಂಡೆಗಳ ಆಚೆ, ತೊರೆ ಸರೋವರ ಸೇರುವಲ್ಲಿ, ಮೂಸ್ ಬಾಲ ಅಲ್ಲಾಡಿಸುತ್ತಿತ್ತು. ಅದರ ಪಕ್ಕ ಡೆಲ್ ಗಾಳ ಹಿಡಿದು ನಿಂತಿದ್ದ.

"ಡೆಲ್!"

"ಶ್! ಮೀನು ಓಡ್ಹೋಗುತ್ತೆ."

"ಮೀನಿನ ಮನೆ ಹಾಳಾಗ! ಹೇಳಿ ಬರೋಕೆ ಏನಾಗಿತ್ತು ನಿನಗೆ? ನನ್ನ ಜೀವ ಹೋಗಿ ಬಂತು! ಎಬ್ಬಿಸಿದ್ರೆ ನಾನೇನು ಬೇಡ ಅಂತಿದ್ನಾ?"

ಡೆಲ್ ಗಾಳ ಇಳಿಸಿದ. "ಕರೆಯೋಕೆ ಅಂತ ಬಾಯಿ ತೆಗೆದೆ," ಅಂದ. "ಅಷ್ಟರಲ್ಲಿ ಮೇಲೆ ನೀನು ಗೊರಕೆ ಹೊಡೀತಿರೋದು ಕೇಳಿಸ್ತು. ಒಂದು ವರ್ಷ ಆಯ್ತು ಮಾರ್ವಾ, ನಿನ್ನ ಗೊರಕೆ ಕೇಳಿ. ನಾನು ಮಗ್ಗುಲು ಬದಲಿಸಿದ್ರೂ ನೀನು ಎದ್ದು ಕೂರ್ತಿದ್ದೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ಇವತ್ತಾದ್ರೂ ನಿದ್ದೆ ಮಾಡ್ಲಿ ಅಂತ ಸದ್ದು ಮಾಡ್ದೆ ಬಂದೆ."

ಮಾರ್ವಾ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು, ಮೆಲ್ಲಗೆ. ಆಮೇಲೆ ತಿರುಗಿ ಕ್ಯಾಂಪರಿಗೆ ಬಂದು, ಒದ್ದೆ ಕಾಲು ಒರೆಸಿ, ಅಟ್ಟ ಹತ್ತಿ ಹೊದಿಕೆ ತಲೆಯವರೆಗೆ ಎಳೆದುಕೊಂಡಳು. ಬಿಸಿಲೇರಿ, ಡೆಲ್ ಬಂದು ಮೀನು ಹುರಿಯಲು ಶುರುಮಾಡಿದಾಗಲೂ ಅವಳು ಜೋರಾಗಿ ಗೊರಕೆ ಹೊಡೆಯುತ್ತಲೇ ಇದ್ದಳು.